ಕೂಸು ಯಾರ ಪಾಲಿಗೆ ಬಂತು

ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಿದ ಕೂಡಲೆ ನಳಿನಿಯ ನಾಲಿಗೆ ಅದನ್ನು ದವಡೆಯ ಮೂಲೆಗೆ ತಳ್ಳಿಬಿಟ್ಟಿತು. ಹಾಗೆ ಮಾಡಬೇಕೆಂದು ಅವಳು ಯೋಚಿಸಿದ್ದೇನೂ ಅಲ್ಲ. ಊಟದಲ್ಲಿ ಹರಳು ಸಿಕ್ಕರೆ ಹಾಗೆಯೇ ಮಾಡುವುದು. ವಿಜಾಪುರದಲ್ಲಿ ಹುಟ್ಟಿ, ಪಂಕ್ತಿಯಲ್ಲಿ ಕೂತು ಉಂಡು ಬೆಳೆದವರ ಬಾಯಿಗೆ ಅದನ್ನು ಯಾರೂ ಎರಡನೆಯ ಸಲ ಕಲಿಸಬೇಕಾಗಿಲ್ಲ. ಅನ್ನದಲ್ಲಿ ಹರಳೋ ಪಲ್ಯದಲ್ಲಿ ಕೂದಲೋ ಬಂದರೆ ಎಲ್ಲರೆದುರು ತೆಗೆದು ನೋಡಬಾರದು, ಮುಖ ಕಿವುಚಬಾರದು, ಸದ್ದಿಲ್ಲದೆ ಎಲೆಯ ಅಂಚಿನ ಕೆಳಗೆ ಸೇರಿಸಿ ಮುಂದಿನ ತುತ್ತು ಎತ್ತಬೇಕು. ಮಾಡಿ ಬಡಿಸಿದಾಕೆಯ ಮರ್ಯಾದೆ ಹೋಗಬಾರದು. ಸೋದರತ್ತೆಯ ಮಗಳ ಮದುವೆಯಲ್ಲಿ ಚಿಕ್ಕ ನಳಿನಿ 'ಅವ್ವಾ, ಹರಳು' ಎಂದು ಕೂಗಿದ್ದಕ್ಕೆ ಅವ್ವ ಸೆರಗಿನ ಮರೆಯಲ್ಲೇ ತೊಡೆ ಚಿವುಟಿ, ಮೇಲೆ ಮಾತ್ರ ನಗುತ್ತ, ಸಾರು ಬಡಿಸುತ್ತಿದ್ದವಳಿಗೆ 'ಭಾಳ ಛಲೋ ಆಗೇದವಾ' ಅಂದಿದ್ದಳು. ಈಗ ಜನವರಿಯ ಭಾನುವಾರದ ಮಧ್ಯಾಹ್ನ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಡೋನ್ಯಾ ಕೂಕಾ ಎಂದು ಎಲ್ಲರೂ ಕರೆಯುವ ಮುದುಕಿಯ ಮನೆಯ ಊಟದ ಮೇಜಿನ ಮುಂದೆ ಕೂತಿದ್ದ ನಳಿನಿಗೆ ಬಾಯಲ್ಲಿರುವುದು ಹರಳಲ್ಲ ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ನಾಲಿಗೆಯ ತುದಿಗೆ ಒಂದು ಸಣ್ಣ ತಲೆ ತಗುಲಿತು, ಅದರ ಕೆಳಗೆ ಮಡಚಿದ ಕೈ. ಅದು ಕೂಸು.

ಆ ಕೂಸಿನ ವಿಷಯ ಅವಳಿಗೆ ಗೊತ್ತಿದ್ದಷ್ಟು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಂದರೆ ಓದಿ ಗೊತ್ತಿರಲಿಲ್ಲ. ಹುಟ್ಟಿದ ಯೇಸುವನ್ನು ನೋಡಲು ಮೂವರು ರಾಜರು ಬಂದ ದಿನ ಮೆಕ್ಸಿಕೋದವರು ಬಳೆಯ ಆಕಾರದ ದೊಡ್ಡ ಸಿಹಿ ಬ್ರೆಡ್ ಮಾಡುತ್ತಾರೆ. ಅದರೊಳಗೆ ಬೆರಳಿನ ಗೆಣ್ಣಿನಷ್ಟು ದೊಡ್ಡ ಪ್ಲಾಸ್ಟಿಕ್ಕಿನ ಕೂಸನ್ನು ಅಡಗಿಸಿಡುತ್ತಾರೆ. ಬಂದವರೆಲ್ಲ ತಮ್ಮ ತಮ್ಮ ತುಂಡು ತಾವೇ ಕೊಯ್ದುಕೊಳ್ಳುತ್ತಾರೆ. ಯಾರ ತುಂಡಿನಲ್ಲಿ ಕೂಸು ಬಂತೋ ಅವರು ಆ ಕೂಸಿನ ಸಾಕುತಾಯಿಯೋ ಸಾಕುತಂದೆಯೋ ಆಗಿ, ಫೆಬ್ರುವರಿ ಎರಡರಂದು ಅಲ್ಲಿದ್ದವರನ್ನೆಲ್ಲ ತಮ್ಮ ಮನೆಗೆ ಕರೆದು ತಮಾಲೆ ಉಣ್ಣಿಸಬೇಕು. ಮೆಕ್ಕೆಜೋಳದ ಹಿಟ್ಟನ್ನು ಹಂದಿಯ ಕೊಬ್ಬಿನಲ್ಲಿ ಕಲಸಿ, ಮಾಂಸ ತುಂಬಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಕಡುಬು ಅದು. ಕಾಲೇಜಿನಲ್ಲಿ ಚರಿತ್ರೆ ಕಲಿಸುವ ನಳಿನಿ ಈ ಪದ್ಧತಿಯ ಮೇಲೆ ಒಂದು ಪ್ರಬಂಧವನ್ನೇ ಮಂಡಿಸಿದ್ದಳು. ಕೆಲಸ ಹುಡುಕಿ ಗಡಿ ದಾಟಿ ಬಂದವರ ನಡುವೆ, ಬಂಧುಗಳಿಲ್ಲದ ಊರಿನಲ್ಲಿ, ತಪ್ಪಿಸಿಕೊಳ್ಳಲಾಗದ ಈ ಆತಿಥ್ಯವೇ ಹೊಸ ನಂಟುಗಳನ್ನು ಕಟ್ಟುತ್ತದೆ ಎಂದು ಅವಳು ಓದಿದಾಗ ಸಭೆ ಚಪ್ಪಾಳೆ ತಟ್ಟಿತ್ತು. ತಪ್ಪಿಸಿಕೊಳ್ಳಲಾಗದ ಎಂಬ ಮಾತನ್ನು ಅವಳು ಸ್ವಲ್ಪ ಒತ್ತಿಯೇ ಹೇಳಿದ್ದಳು.

ತೆಗೆದು ತೋರಿಸಿ 'ನನಗೆ ಬಂತು' ಅಂದರೆ ಮುಗಿಯಿತು. ಎಲ್ಲರೂ ಹೋ ಅನ್ನುತ್ತಾರೆ, ಮೇಜು ಬಡಿಯುತ್ತಾರೆ, ಕೂಕಾ ಬಂದು ತಬ್ಬಿಕೊಳ್ಳುತ್ತಾಳೆ. ಆದರೆ ಮೇಜಿನ ಆ ಕಡೆ, ನೇರ ಎದುರಿಗೆ ಲೂಪೆ ಕೂತಿದ್ದಳು. ಲೂಪೆ ವಾರ ಬಿಟ್ಟು ವಾರ ನಳಿನಿಯ ಮನೆಗೆ ಬಂದು ಬಾತ್‌ರೂಮುಗಳನ್ನು ತೊಳೆದು, ನೆಲ ಒರೆಸಿ, ಗ್ಯಾರೇಜಿನ ಬಾಗಿಲಿನಿಂದ ಹೊರಟುಹೋಗುವವಳು. ಅವಳೂ ಕೂಕಾ ಮತ್ತಿವರೆಲ್ಲ ಹೋಗುವ ಚರ್ಚಿಗೇ ಸೇರಿದ್ದಾಳೆಂದು ನಳಿನಿಗೆ ಗೊತ್ತಾದದ್ದು ಈ ಮಧ್ಯಾಹ್ನವೇ. ನಳಿನಿ ಒಳಗೆ ಕಾಲಿಡುತ್ತಲೇ ಲೂಪೆ ಗಡಬಡಿಸಿ ಎದ್ದು, 'ಕೂತ್ಕೊಳ್ಳಿ ಸೆನ್ಯೋರಾ' ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಿದ್ದಳು. ಉಳಿದವರು ಅದನ್ನು ಗೌರವವೆಂದುಕೊಂಡರು. ಶುಚಿ ಕೆಲಸದ ಹೆಂಗಸರ ಬಗ್ಗೆ ಪುಸ್ತಕ ಬರೆಯುತ್ತಿರುವವಳ ಮನೆಯಲ್ಲಿ ಶುಚಿ ಕೆಲಸದ ಹೆಂಗಸೊಬ್ಬಳಿದ್ದಾಳೆ, ಅವಳ ಮನೆತನದ ಹೆಸರು ಏನೆಂದು ಪುಸ್ತಕ ಬರೆಯುವವಳು ಒಮ್ಮೆಯೂ ಕೇಳಿಲ್ಲ, ಇದು ಇಬ್ಬರಿಗೆ ಮಾತ್ರ ಗೊತ್ತಿತ್ತು. ನಳಿನಿ ಬಿಸಿ ಚಾಕೊಲೇಟಿನ ಲೋಟ ಎತ್ತಿ ಕುಡಿದಳು. ಕೂಸು ದವಡೆಯಲ್ಲೇ ಉಳಿಯಿತು.

ಬೇರೆ ಕಾರಣಗಳೂ ಇರಲಿಲ್ಲವೆಂದಲ್ಲ. ಲಾಸ್ ಕೊಲಿನಾಸ್ ಬಡಾವಣೆಯ ಆಚೆ ಅವಳ ಮನೆಯಲ್ಲಿ ಮಾವ ಸಿದ್ರಾಮಪ್ಪ ಇದ್ದರು. ದಿನಕ್ಕೆರಡು ಹೊತ್ತು ಇಷ್ಟಲಿಂಗ ಪೂಜೆ ಮಾಡುವವರು. ಅಂಥ ಮನೆಯ ಒಲೆಯ ಮೇಲೆ ಹಂದಿಯ ಕೊಬ್ಬು ಕಾಯಿಸುವುದು ಎಲ್ಲಿಂದ ಬಂತು. ಇನ್ನೊಂದು, ಅಧ್ಯಯನ ಮಾಡುವವಳು ತಾನು ನೋಡುತ್ತಿರುವ ಆಚರಣೆಯೊಳಗೆ ಸಿಕ್ಕಿಕೊಳ್ಳಬಾರದು. ಇದನ್ನು ಅವಳು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾಳೆ. ಪುಸ್ತಕಕ್ಕೆಂದು ಕೂಕಾಳ ಮಾತು ರೆಕಾರ್ಡ್ ಮಾಡಿಕೊಳ್ಳಲು ಬರುತ್ತ ನಾಲ್ಕು ವರ್ಷದಿಂದ ಈ ಮನೆಯಲ್ಲಿ ಉಂಡಿದ್ದಾಳೆ, ಅವಳಿಗೆಂದೇ ಕೂಕಾ ಬೇರೆ ಪಾತ್ರೆಯಲ್ಲಿ ಮಾಂಸ ಸೋಕಿಸದ ಬೀನ್ಸ್ ಕಾಳು ಬೇಯಿಸಿಟ್ಟಿದ್ದಾಳೆ, ಒಂದು ಸಲವೂ ಇವರನ್ನು ತನ್ನ ಮನೆಗೆ ಕರೆದಿಲ್ಲ. ಈ ಒಂದನ್ನು ಅವಳು ಕಾರಣಗಳ ಸಾಲಿಗೆ ಸೇರಿಸಲಿಲ್ಲ. ನೋಡುನೋಡುತ್ತ ಕೊನೆಯ ತುಂಡೂ ಮುಗಿಯಿತು.

"ಯಾರಿಗೂ ಬರಲಿಲ್ವಾ?" ಎಂದು ಮಾರಿಸೋಲ್ ಕೇಳಿದಳು. ಕೂಕಾಳ ಒಬ್ಬಳೇ ಮಗಳು. ಹ್ಯೂಸ್ಟನ್ನಿನಲ್ಲಿ ಮನೆ, ಪಕ್ಕದ ಶುಗರ್ ಲ್ಯಾಂಡ್ ಊರಿನ ಹಲ್ಲಿನ ಡಾಕ್ಟರೊಬ್ಬರಲ್ಲಿ ಕೆಲಸ, ಹಬ್ಬಕ್ಕೆಂದು ಬಂದಿದ್ದಳು. ತಾಯಿ ಸ್ಪ್ಯಾನಿಷಿನಲ್ಲಿ ಮಾತಾಡಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಆ ಮನೆಯ ರೂಢಿ. ಬ್ರೆಡ್ಡಿನ ಮೇಲೆ ಅಂಟಿಸಿದ್ದ ಹಣ್ಣಿನ ಪಟ್ಟಿಗಳನ್ನೂ ಬಿದ್ದ ಪುಡಿಯನ್ನೂ ಎಲ್ಲರೂ ಬೆರಳಿನಿಂದ ಕೆದಕಿ ನೋಡಿದರು. ಗಡ್ಡದ ಮುದುಕನೊಬ್ಬನನ್ನು ಬಾಯಿ ತೆಗೆಯಿಸಿ ನೋಡಿದರು, ಅವನು ನುಂಗಿಬಿಡುವ ಪೈಕಿಯವನೆಂದು. ನಗು ಎದ್ದಿತು. ಯಾರೂ ನಳಿನಿಯ ಕಡೆ ನೋಡಲಿಲ್ಲ. ಡಾಕ್ಟೋರಾ ಎಂದು ಕರೆಸಿಕೊಳ್ಳುವವಳ ಬಾಯಿಯನ್ನು ಯಾರು ತೆಗೆಯಿಸುತ್ತಾರೆ. ನಗು ತಣ್ಣಗಾದ ಮೇಲೆ ಮಾರಿಸೋಲ್ ತಾಯಿಯ ಕಡೆ ತಿರುಗಿ, ದನಿ ತಗ್ಗಿಸಿ, "ಮಮ್ಮಿ, ನೀನು ಹಾಕಿದ್ದೆ ತಾನೆ?" ಅಂದಳು.

ಕೂಕಾಳ ಸ್ಪ್ಯಾನಿಷ್ ನಳಿನಿಯ ತಲೆಯೊಳಗೆ ಯಾವಾಗಲೂ ಅವ್ವನ ಕನ್ನಡವಾಗಿಯೇ ಇಳಿಯುತ್ತಿತ್ತು. ಬೇರೆಯವರ ಸ್ಪ್ಯಾನಿಷ್ ಸ್ಪ್ಯಾನಿಷಾಗಿಯೇ ಕೇಳಿಸುವುದು, ಇವಳದು ಮಾತ್ರ ಹೀಗೆ. "ಹಾಕೀನಿ," ಎಂದಳು ಕೂಕಾ. "ಹಾಕದ ಬಿಡ್ತೀನೇನು? ಪ್ರತಿ ವರ್ಷ ನನ್ನ ಕೈಯಾರೆ ಹಾಕ್ತೀನಿ." ಖಾಲಿ ತಟ್ಟೆಯನ್ನು ನೋಡಿದಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಹಾಕೀನಿ ಅನಸ್ತದ," ಎಂದಳು.

"ವಯಸ್ಸಾಯ್ತು ಬಿಡು ಕೂಕಾ," ಎಂದ ಗಡ್ಡದ ಮುದುಕ. ಮತ್ತೆ ಎಲ್ಲರೂ ನಕ್ಕರು, ಕೂಕಾಳೂ ನಕ್ಕಳು, ಆದರೆ ಅವಳ ಕಣ್ಣು ಮೇಜಿನ ಮೇಲೆ ಏನನ್ನೋ ಹುಡುಕುತ್ತಲೇ ಇತ್ತು. ನಳಿನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಮುದುಕಿಯ ಮೇಲೆ ಸಿಟ್ಟೂ ಬಂತು: ಹಾಕಿದ್ದೇನೆ ಎಂದು ಗಟ್ಟಿಯಾಗಿ ಹೇಳಬಾರದೇ, ಜಗಳವಾಡಬಾರದೇ, ಯಾರೋ ಕದ್ದಿದ್ದೀರಿ ಅನ್ನಬಾರದೇ. ವಿಜಾಪುರದಲ್ಲಿ ಅಡಿಗೆಯವಳನ್ನು ಉಳಿಸುವ ಸಭ್ಯತೆ ಇಲ್ಲಿ ಅಡಿಗೆಯವಳ ಕುತ್ತಿಗೆಗೇ ಬಂದಿತ್ತು.

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಬಾಯಿಂದ ತೆಗೆದಳು. ನಲ್ಲಿಯ ಕೆಳಗೆ ಹಿಡಿದಾಗ ಹಿಟ್ಟು ತೊಳೆದುಹೋಗಿ ತೆಳು ಗುಲಾಬಿ ಬಣ್ಣದ ಕೂಸು ಅಂಗೈಯ ಮೇಲೆ ಮಲಗಿತು. ಕಸದ ಬುಟ್ಟಿ ಪಕ್ಕದಲ್ಲೇ ಇತ್ತು. ಹಾಕಲಿಲ್ಲ, ಅಷ್ಟರಮಟ್ಟಿಗೆ ತಾನು ಕೆಟ್ಟವಳಲ್ಲ ಎಂದು ಅನ್ನಿಸಿ ಸಮಾಧಾನವಾಯಿತು, ಆ ಸಮಾಧಾನದ ಬಗ್ಗೆ ಹೇಸಿಗೆಯೂ ಆಯಿತು. ಮುಷ್ಟಿಯಲ್ಲಿ ಹಿಡಿದು ಹೊರಗೆ ಹೋಗಿ ಬ್ರೆಡ್ಡಿನ ತಟ್ಟೆಯ ಪುಡಿಯೊಳಗೆ ಜಾರಿಸಿಬಿಟ್ಟರೆ? ಅಯ್ಯೋ, ಇಲ್ಲೇ ಇದೆಯಲ್ಲ, ಯಾರೂ ಸರಿಯಾಗಿ ನೋಡಲೇ ಇಲ್ಲ. ಒಂದು ಸಣ್ಣ ಸುಳ್ಳು, ಎಲ್ಲರಿಗೂ ಒಳ್ಳೆಯದು. ಈ ಉಪಾಯಕ್ಕೆ ಅವಳ ಮೈ ಹಗುರವಾಯಿತು. ಅಡಿಗೆಮನೆಗೆ ಬಂದರೆ ಮಾರಿಸೋಲ್ ತಟ್ಟೆಯನ್ನು ಆಗಲೇ ತೊಳೆದು ಬೋರಲು ಹಾಕಿದ್ದಳು. ನಳಿನಿ ಮುಷ್ಟಿಯನ್ನು ಹಾಗೆಯೇ ಕೈಚೀಲದೊಳಗೆ ಇಳಿಸಿದಳು.

"ನೀವೇ ನೋಡಿದ್ರಲ್ಲ ಡಾಕ್ಟರ್," ಎಂದಳು ಮಾರಿಸೋಲ್, ಕೈ ಒರೆಸಿಕೊಳ್ಳುತ್ತ. "ಹೋದ ತಿಂಗಳು ಸ್ಟವ್ ಆನ್ ಮಾಡಿಟ್ಟು ಚರ್ಚಿಗೆ ಹೋಗಿದ್ರು. ಪಕ್ಕದ ಮನೆಯವರು ನೋಡಿದ್ರು, ಪುಣ್ಯ. ನಾನು ಹ್ಯೂಸ್ಟನ್‌ಗೆ ಶಿಫ್ಟ್ ಆಗು ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ. ನನ್ನ ತಲೆ ನೆಟ್ಟಗಿದೆ, ಈ ಮನೆ ಬಿಡಲ್ಲ ಅಂತ ಒಂದೇ ಹಟ."

"ಒಂದು ಬ್ರೆಡ್ಡಿಗೆ ಅಷ್ಟೆಲ್ಲ..." ಎಂದಳು ನಳಿನಿ.

"ಬ್ರೆಡ್ ಅಲ್ಲ ಡಾಕ್ಟರ್, ಕೂಸು. ಅಪ್ಪ ತೀರ್ಕೊಂಡ ವರ್ಷ ಕೂಡ ಅಮ್ಮ ಕೂಸು ಹಾಕೋದು ಮರೀಲಿಲ್ಲ. ಮನೆ ತುಂಬ ಜನ ಅಳ್ತಾ ಇದ್ರು, ಅಮ್ಮ ಹಿಟ್ಟು ಕಲಸ್ತಾ ಇದ್ರು. ಇದನ್ನ ಮರೆತ್ರು ಅಂದ್ರೆ..." ಅವಳ ಕಣ್ಣು ಒದ್ದೆಯಾಯಿತು. "ಸಿಟ್ಟು ಮಾಡ್ಕೋಬೇಡಿ, ಒಂದು ಥರ ಒಳ್ಳೇದೇ ಆಯ್ತು. ಅವರೇ ಕಣ್ಣಾರೆ ನೋಡಿದ್ರಲ್ಲ."

ಈಗ ಹೇಳಬೇಕಿತ್ತು. ಇಬ್ಬರೇ ಇದ್ದರು, ಲೂಪೆ ಹೊರಗಿದ್ದಳು, ಕೂಸು ಕೈಗೆ ಎಟಕುತ್ತಿತ್ತು. ಆದರೆ ಏನೆಂದು ಹೇಳುವುದು? ನನಗೆ ಬಂದಿತ್ತು, ಬಾಯಲ್ಲಿ ಇಟ್ಟುಕೊಂಡೆ, ನಿಮ್ಮಮ್ಮ ತಡಕಾಡುವುದನ್ನು ನೋಡುತ್ತ ಚಾಕೊಲೇಟು ಕುಡಿದೆ. ಪ್ರತಿ ನಿಮಿಷವೂ ಆ ಮಾತು ಹೇಳುವುದನ್ನು ಇನ್ನಷ್ಟು ಅಸಾಧ್ಯ ಮಾಡುತ್ತಿತ್ತು. ಸ್ಟವ್ ಮರೆತದ್ದಂತೂ ನಿಜ, ಹೇಗಿದ್ದರೂ ವಯಸ್ಸಾಗಿದೆ, ಮಗಳ ಜೊತೆಗಿರುವುದೇ ಕ್ಷೇಮ ಎಂದು ಯೋಚನೆ ಮತ್ತೊಂದು ದಾರಿ ಹಿಡಿಯಿತು. ಬಾಗಿಲಲ್ಲಿ ಕೋಟು ಹಾಕಿಕೊಳ್ಳುವಾಗ ಕೂಕಾ ಬಂದು ಅವಳ ಮುಂಗೈ ಹಿಡಿದುಕೊಂಡಳು. ಆ ಕೈಗೆ ಇನ್ನೂ ಕಿತ್ತಳೆ ಸಿಪ್ಪೆಯ ವಾಸನೆಯಿತ್ತು.

"ತಂಗಿ," ಎಂದಳು, ಯಾರಿಗೂ ಕೇಳದ ಹಾಗೆ. "ನಾ ನಿನಗ ಹೇಳೀನಲ್ಲ, ಆ ಮಷೀನಿನ್ಯಾಗ... ಅದೆಲ್ಲಾ ಖರೇ ಐತಲ್ಲ?"

"ಖರೇ ಐತ್ರಿ," ಎಂದಳು ನಳಿನಿ. ಹಿಂದೆ ಲೂಪೆ ತನ್ನ ಕೋಟು ಹಿಡಿದು ದಾರಿಗಾಗಿ ಕಾಯುತ್ತಿದ್ದಳು. ನಳಿನಿ ಪಕ್ಕಕ್ಕೆ ಸರಿದು, ಮೆಟ್ಟಿಲಿಳಿದು, ಕಾರಿನಲ್ಲಿ ಕೂತಳು.

ಎಲ್‌ಬಿಜೆ ಫ್ರೀವೇಯ ಪಕ್ಕದ ಗಾಜಿನ ಕಟ್ಟಡಗಳು ಭಾನುವಾರವಾದ್ದರಿಂದ ಖಾಲಿಯಿದ್ದವು. ಅವುಗಳಲ್ಲೊಂದರ ಮೇಲಿನ ಮಹಡಿಯಲ್ಲಿ, ಪೊರಕೆ ಬಕೆಟ್ಟುಗಳನ್ನಿಡುವ ಗೂಡಿನೊಳಗೆ, ಹಿಂದೆ ಅಲ್ಲಿ ಶುಚಿ ಕೆಲಸಕ್ಕಿದ್ದ ಕೂಕಾ ಮತ್ತವಳ ಜೊತೆಯ ಹೆಂಗಸರು ಕನ್ಯಾ ಮಾತೆಯ ಚಿತ್ರವನ್ನಿಟ್ಟು ಕೆಲಸದ ನಡುವಿನ ಬಿಡುವಿನಲ್ಲಿ ಮೊಣಕಾಲೂರಿ ಜಪ ಮಾಡುತ್ತಿದ್ದರು. ಮೇಲಿನವರಿಗೆ ಸುಳಿವು ಸಿಕ್ಕಿತೆಂದು ಅನುಮಾನ ಬಂದ ಕೂಡಲೆ ಚಿತ್ರವನ್ನು ಕಸದ ಗಾಡಿಯ ತಳದಲ್ಲಿಟ್ಟು ಬೇರೆ ಮಹಡಿಗೆ ದಾಟಿಸುತ್ತಿದ್ದರು. ಕಸದ ಕೆಳಗೆ ಇಡೋದಕ್ಕೆ ಮನಸ್ಸು ಬರಲಿಲ್ಲ, ಅದಕ್ಕೆ ನನ್ನ ಏಪ್ರನ್ ಬಿಚ್ಚಿ ಸುತ್ತಿದೆ ಎಂದು ಕೂಕಾ ರೆಕಾರ್ಡರಿನೆದುರು ಹೇಳಿದ್ದಳು. ಉಳಿದ ಹೆಂಗಸರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರಿಗೆ ಮರಳಿದ್ದರು, ಒಬ್ಬಳು ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಆ ಗೂಡಿನ ಗುಡಿಗೆ ಇವತ್ತು ಕೂಕಾಳ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ, ನಳಿನಿಯ ಪುಸ್ತಕ ನಿಂತಿರುವುದೇ ಆ ಅಧ್ಯಾಯದ ಮೇಲೆ. ಕಾಗದಪತ್ರವಿಲ್ಲದ ವಲಸಿಗರಿಗೆ ಮನೆ ಬಾಡಿಗೆಗೆ ಕೊಡಕೂಡದೆಂದು ಫಾರ್ಮರ್ಸ್ ಬ್ರಾಂಚ್ ನಗರಸಭೆ ಮಾಡಿದ್ದ ಕಾಯ್ದೆ ಇನ್ನೂ ಕೋರ್ಟಿನಲ್ಲಿತ್ತು. ಆ ಗಲಾಟೆಯ ವರ್ಷಗಳಲ್ಲಿ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಿಟ್ಟುಹೋದಾಗಲೂ ಕೂಕಾ, ನನ್ನ ಮನೆ ನನ್ನದು, ನಾನ್ಯಾಕೆ ಹೋಗಲಿ ಎಂದು ಅಂಗಳದಲ್ಲಿ ಮೆಣಸಿನ ಗಿಡ ನೆಟ್ಟವಳು. ಈಗ ತನ್ನ ಮಾತು ನಿಜವೇ ಎಂದು ಬಾಗಿಲಲ್ಲಿ ನಿಂತು ನಳಿನಿಯನ್ನು ಕೇಳುತ್ತಿದ್ದಾಳೆ. ನಳಿನಿ ಇಳಿಯಬೇಕಾದ ಎಕ್ಸಿಟ್ ದಾಟಿಹೋಗಿ ಮುಂದಿನದರಲ್ಲಿ ತಿರುಗಿಸಿಕೊಂಡು ಬಂದಳು.

ಮನೆಯಲ್ಲಿ ಗಂಡ ಶ್ರೀಶೈಲ್ ಇರಲಿಲ್ಲ. ಯಾವುದೋ ಸಾಫ್ಟ್‌ವೇರಿನ ರಿಲೀಸ್ ಇದೆಯೆಂದು ರಜೆಯ ದಿನವೂ ಆಫೀಸಿಗೆ ಹೋಗಿದ್ದ. ಮಾವ ಸಿದ್ರಾಮಪ್ಪನವರು ಅಡಿಗೆಮನೆಯ ಕಿಟಕಿಯ ಹತ್ತಿರ ಕೂತು ಅವರೇಕಾಳು ಬಿಡಿಸುತ್ತಿದ್ದರು. "ಏನವಾ, ಹಬ್ಬ ಆತೇನು?" ಎಂದರು. "ನಿನಗ ತಿನ್ನಾಕ ಏನರೆ ಸಿಕ್ತಿಲ್ಲೊ?"

ನಳಿನಿ ಹಬ್ಬದ ಪದ್ಧತಿಯನ್ನೆಲ್ಲ ಹೇಳಿದಳು. ಕೂಸು ಯಾರಿಗೆ ಬಂತೆಂಬುದೊಂದನ್ನು ಬಿಟ್ಟು. ಹೇಳುತ್ತ ಹೇಳುತ್ತ, ತಾನು ಇದನ್ನೆಲ್ಲ ಹೇಳುತ್ತಿರುವುದು ಅವರು ಒಂದು ಮಾತು ಬೇಡ ಅನ್ನಲಿ ಎಂದೇ ಅಂತ ಅವಳಿಗೇ ತಿಳಿಯಿತು. "ಒಂದು ವ್ಯಾಳೆ ನನಗ ಬಂದಿದ್ರ ಏನ್ ಮಾಡಬೇಕಿತ್ರಿ ಮಾವಾರ? ನಿಮ್ಮ ಪೂಜಿ ಇರೂ ಮನ್ಯಾಗ ಅವರು ಹಂದಿ ಮಾಂಸ ತರ್ತಿದ್ರು."

ಸಿದ್ರಾಮಪ್ಪನವರು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಪೂಜಿ ನನ್ನ ಕೊಳ್ಳಾಗ ಐತಿ, ನಿನ್ನ ಒಲಿ ಮ್ಯಾಲೆ ಐತೇನು?" ಎಂದರು. "ಅವರು ತಿನ್ನೂದು ಅವರು ಮಾಡಿಕೊಂಡು ಬರ್ಲಿ, ನಾವು ಹೋಳಿಗಿ ಮಾಡೂಣು. ಹಿತ್ತಲದಾಗ ಕುರ್ಚಿ ಹಾಕಿದ್ರ ಮುಗೀತು. ಅಲ್ಲವಾ, ನಾಕು ವರ್ಷ ಅವರ ಮನ್ಯಾಗ ಉಂಡೀದಿ, ಒಮ್ಮೆರೆ ಕರೀಬೇಕಿಲ್ಲೊ? ನಾನರೆ ಇಲ್ಲಿ ಮಾತಿಗೆ ಮಂದಿ ಇಲ್ಲದ ಕುಂತೀನಿ."

ಅವಳಿಗೆ ಮಾವನ ಮೇಲೆ ವಿಪರೀತ ಸಿಟ್ಟು ಬಂತು. ಇಷ್ಟು ದಿನ ಅವರ ಹೆಸರಿನಲ್ಲಿ ಎಷ್ಟೊಂದನ್ನು ಬೇಡವೆಂದಿದ್ದಳು, ಪಾರ್ಟಿಗಳನ್ನು, ಸಹೋದ್ಯೋಗಿಗಳ ಊಟವನ್ನು, ಕೂಕಾಳನ್ನು. ಮನೆಯಲ್ಲಿ ಹಿರಿಯರಿದ್ದಾರೆ, ಬಹಳ ಮಡಿ ಎನ್ನುವಾಗ ಎದುರಿನವರ ಮುಖದಲ್ಲಿ ಒಂದು ಆದರ ಮೂಡುತ್ತಿತ್ತು, ಅದನ್ನೂ ಅನುಭವಿಸಿದ್ದಳು. ಕಾರಣವೆಂದುಕೊಂಡಿದ್ದವರು ಎದುರಿಗೇ ಅವರೇಕಾಳು ಬಿಡಿಸುತ್ತ ಜನ ಬೇಕು ಅನ್ನುತ್ತಿದ್ದಾರೆ. ಹಾಗಾದರೆ ಉಳಿದದ್ದೇನು? ಉಳಿದದ್ದು ಪಡಸಾಲೆಯಲ್ಲಿದ್ದ ಬಿಳಿ ಸೋಫಾ. ಅದರ ಮೇಲೆ ಲೂಪೆ ಕೂತಿರುವುದನ್ನು ಅವಳು ಕಲ್ಪಿಸಿಕೊಳ್ಳಲು ನೋಡಿದಳು. ಸೋಫಾವನ್ನು ಒರೆಸುವ ಲೂಪೆ ಕಂಡಳು, ದಿಂಬು ಸರಿಮಾಡುವ ಲೂಪೆ ಕಂಡಳು. ಕೂತ ಲೂಪೆ ಕಾಣಲೇ ಇಲ್ಲ. ಅವ್ವನಾದರೆ ಇದಕ್ಕೆಲ್ಲ ಇಷ್ಟು ಯೋಚಿಸುತ್ತಿರಲಿಲ್ಲ, ಕೂರಿಸುವವರನ್ನು ಕೂರಿಸಿ, ಹೊರಗಿಡುವವರನ್ನು ಕಟ್ಟೆಯ ಮೇಲಿಟ್ಟು, ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಿದ್ದಳು. ಅವ್ವನ ಹಾಗಲ್ಲ ತಾನು ಎಂದು ತೋರಿಸುವುದಕ್ಕೇ ಅಲ್ಲವೇ ಇಷ್ಟು ಓದಿದ್ದು. ನಳಿನಿ ಮಾವನ ಪಕ್ಕ ಕೂತು ತಾನೂ ಒಂದಷ್ಟು ಕಾಯಿ ಎಳೆದುಕೊಂಡಳು. ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಕಾಳನ್ನು ಸಿಪ್ಪೆಯ ರಾಶಿಗೂ ಹಾಕುತ್ತಿರುವುದನ್ನು ಅವರು ನೋಡಿ, ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು.

ಫೋನು ಬಂದಾಗ ಇನ್ನೂ ಬೆಳಕಿತ್ತು. ಮಾರಿಸೋಲ್. "ಡಾಕ್ಟರ್, ಅಮ್ಮ ಒಪ್ಕೊಂಡ್ರು," ಎಂದಳು. ದನಿಯಲ್ಲಿ ಗೆಲುವಿರಲಿಲ್ಲ. "ನಾಳೆ ಬೆಳಗ್ಗೆ ನನ್ ಜೊತೆನೇ ಹೊರಡ್ತಾರೆ. ಮನೆ ಆಮೇಲೆ ನೋಡ್ತೀವಿ, ಬಾಡಿಗೆಗೋ ಏನೋ. ನೀವೆಲ್ಲ ಹೋದ ಮೇಲೆ ಸುಮ್ನೆ ಕೂತಿದ್ರು, ಆಮೇಲೆ ಅವರಾಗೇ ಅಂದ್ರು, ನನ್ನ ತಲೆನ ನಾನು ನಂಬಕ್ಕಾಗಲ್ಲ ಅಂತ." ಮತ್ತೆ ಸೇರಿಸಿದಳು: "ಇನ್ನೊಂದು. ಅವರ ಇಂಟರ್‌ವ್ಯೂ ಎಲ್ಲ ತೆಗೆದುಹಾಕ್ಬೇಕಂತೆ. ಬುಕ್ಕಲ್ಲಿ ಹಾಕ್ಬೇಡಿ. ಬೇರೆ ಹೆಂಗಸರ ಹೆಸರೆಲ್ಲ ಹೇಳಿದೀನಿ, ಅದು ಸುಳ್ಳಾಗಿದ್ರೆ ಸತ್ತವರಿಗೆ ಪಾಪ ಅಂಟುತ್ತೆ ಅಂತ ಅಳ್ತಿದಾರೆ."

ನಳಿನಿ ಚೀಲ ಎತ್ತಿಕೊಂಡಳು. ಪುಸ್ತಕಕ್ಕಾಗಿ ಹೋಗುತ್ತಿದ್ದೇನೆಯೋ ಮುದುಕಿಗಾಗಿಯೋ ಎಂದು ಕಾರಿನಲ್ಲಿ ತನ್ನನ್ನೇ ಕೇಳಿಕೊಂಡಳು. ಉತ್ತರ ಏನಾದರೂ ದಾರಿ ಒಂದೇ ಎಂದು ವೇಗ ಹೆಚ್ಚಿಸಿದಳು. ಹೇಳಬೇಕಾದ ಮಾತನ್ನು ಸ್ಪ್ಯಾನಿಷಿನಲ್ಲಿ ಬಾಯಿಪಾಠ ಮಾಡಿದಳು. ಚಿಕ್ಕ ಮಾತು. ಕೂಸು ನನಗೆ ಬಂದಿತ್ತು, ನಾನು ಮುಚ್ಚಿಟ್ಟೆ. ಅಷ್ಟು ಹೇಳಿದರೆ ಕೂಕಾ ಬೈಯಬಹುದು, ಇನ್ನು ಮನೆಗೆ ಬರಬೇಡ ಅನ್ನಬಹುದು, ಆದರೆ ಅವಳ ತಲೆ ಅವಳಿಗೆ ವಾಪಸು ಸಿಗುತ್ತದೆ. ಸ್ಟವ್ವಿನ ವಿಷಯ ಬೇರೆ, ಸ್ಟವ್ವನ್ನು ಯಾರು ಬೇಕಾದರೂ ಮರೆಯುತ್ತಾರೆ. ಬೈಸಿಕೊಳ್ಳಲು ಈಗ ಅವಳಿಗೆ ಆತುರವೇ ಆಗುತ್ತಿತ್ತು.

ಕೂಕಾಳ ಅಡಿಗೆಮನೆಯಲ್ಲಿ ಕಪಾಟುಗಳೆಲ್ಲ ತೆರೆದಿದ್ದವು. ಮಾರಿಸೋಲ್ ತಟ್ಟೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು, ಕೂಕಾ ಕುರ್ಚಿಯಲ್ಲಿ ಕೂತು ಯಾವುದನ್ನು ಒಯ್ಯಬೇಕು ಯಾವುದು ಬೇಡ ಎಂದು ಕೈ ತೋರಿಸುತ್ತಿದ್ದಳು. ಅವಳು ಅತ್ತ ಗುರುತು ಮುಖದಲ್ಲಿತ್ತು. ನಳಿನಿ ಕೋಟು ಕೂಡ ಬಿಚ್ಚದೆ, ಮೇಜಿನ ಮೇಲೆ ಕೂಸನ್ನಿಟ್ಟು, ಬಾಯಿಪಾಠ ಮಾಡಿದ್ದನ್ನು ಹೇಳಿದಳು.

ಮಾರಿಸೋಲಳ ಕೈ ನಿಂತಿತು. ಕೂಕಾ ಕನ್ನಡಕ ಏರಿಸಿ ಕೂಸನ್ನು ಎತ್ತಿಕೊಂಡು ನೋಡಿದಳು, ತಿರುಗಿಸಿ ಬೆನ್ನು ನೋಡಿದಳು. "ನಿನಗ ಬಂದಿತ್ತು?" ಎಂದಳು.

"ಹೌದ್ರಿ. ನನ್ನ ತುಂಡಿನ್ಯಾಗ ಇತ್ತು. ನೀವು ಮರತಿಲ್ರಿ. ನೀವು ಹಾಕಿದ್ರಿ."

"ಮತ್ತ ಯಾಕ ಮುಚ್ಚಿಟ್ಟಿ?"

ನಳಿನಿ ಹರಳಿನ ವಿಷಯ ಹೇಳಿದಳು. ನಮ್ಮ ಕಡೆ ಊಟದಲ್ಲಿ ಏನಾದರೂ ಸಿಕ್ಕರೆ ತೋರಿಸುವುದಿಲ್ಲ, ಮಾಡಿದವರಿಗೆ ಅವಮಾನವಾಗಬಾರದೆಂದು ಬಚ್ಚಿಡುತ್ತೇವೆ, ಬಾಯಿಗೆ ಅದೇ ಅಭ್ಯಾಸ. ಹೇಳುವಾಗಲೇ ಅದು ಎಷ್ಟು ತೆಳುವಾಗಿ ಕೇಳುತ್ತಿದೆಯೆಂದು ಅವಳಿಗೆ ಗೊತ್ತಾಯಿತು. ನಡೆದದ್ದು ಅದೇ, ಆದರೆ ಆಗಷ್ಟೇ ಕಟ್ಟಿದ ಕತೆಯ ಹಾಗೆ ಕೇಳುತ್ತಿತ್ತು.

"ನಾಕು ವರ್ಷದಿಂದ ಬರ್ತಿ," ಎಂದಳು ಕೂಕಾ ನಿಧಾನವಾಗಿ. "ಈ ಹಬ್ಬದ ಮ್ಯಾಲೆ ಬರದೀದಿ, ನನಗ ಓದಿ ತೋರಿಸೀದಿ. ಹರಳು ಯಾವದು, ಕೂಸು ಯಾವದು, ನಿನಗ ತಿಳೀಲಿಲ್ಲ?"

"ತಿಳೀತ್ರಿ. ಆಮ್ಯಾಲೆ ತಿಳೀತು. ಆದ್ರೂ ಹೇಳಲಿಲ್ಲ."

ಕೂಕಾ ಅವಳ ಮುಖವನ್ನು ನೋಡುತ್ತಲೇ ಇದ್ದಳು. ನಂಬಬೇಕೆಂಬ ಆಸೆ ಆ ಮುಖದಲ್ಲಿ ಎಷ್ಟಿತ್ತೆಂದರೆ ನಳಿನಿಗೆ ಅದನ್ನು ನೋಡಲಾಗಲಿಲ್ಲ. ಆಮೇಲೆ ಮುದುಕಿ ನೆಟ್ಟಗೆ ಕೂತು, ಅರ್ಧ ತಮಾಷೆಗೆ, ಅರ್ಧ ಭಯದಿಂದ, "ಆತು," ಎಂದಳು. "ನಿನಗ ಬಂದದ್ದು ಖರೇ ಇದ್ರ, ಫೆಬ್ರುವರಿ ಎರಡಕ್ಕ ನಾವೆಲ್ಲಾ ನಿನ್ನ ಮನಿಗೆ ಬರಬೇಕು. ಇವತ್ತ ಬಂದವರು ಎಲ್ಲಾರೂ. ಆ ಹೊಸ ಹುಡುಗಿ ಲೂಪೆನೂ. ಬರೋಣೇನು?"

ಬರ್ರಿ. ಅಷ್ಟೇ ಹೇಳಬೇಕಿತ್ತು. ಮಾವ ಹೋಳಿಗೆ ಮಾಡೋಣ ಎಂದಿದ್ದರು, ಹಿತ್ತಲಲ್ಲಿ ಕುರ್ಚಿ ಹಾಕೋಣ ಎಂದಿದ್ದರು. ಆದರೆ ಬಿಳಿ ಸೋಫಾ ಬಂದು ಎದುರಿಗೆ ನಿಂತಿತು, ಅದರ ಪಕ್ಕ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಲೂಪೆ ನಿಂತಳು, ನಿಮಗೆ ಇವರ ಮನೆ ಮೊದಲೇ ಗೊತ್ತಾ ಎಂದು ಗಡ್ಡದ ಮುದುಕ ಅವಳನ್ನು ಕೇಳಿದ, ಕೂಕಾ ಒಮ್ಮೆ ಲೂಪೆಯನ್ನೂ ಒಮ್ಮೆ ತನ್ನನ್ನೂ ನೋಡಿದಳು. "ಬರ್ರಿ," ಎಂದಳು ನಳಿನಿ. "ಎಲ್ಲಾರೂ ಬರ್ರಿ." ದನಿ ಬೇಕಾದ್ದಕ್ಕಿಂತ ಜೋರಾಯಿತು, ಮಾತು ಬರಬೇಕಾದ್ದಕ್ಕಿಂತ ತಡವಾಗಿ ಬಂತು.

ಕೂಕಾಳ ಮುಖದಲ್ಲಿದ್ದ ಆಸೆ ಮೆಲ್ಲಗೆ ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಸಿಟ್ಟಲ್ಲ, ಪ್ರೀತಿ. ಅವಳು ನಕ್ಕಳು. "ನೋಡಿದಿಯಾ ಮಾರಿಸೋಲ್," ಎಂದಳು, "ಅಂಗಡಿಗೆ ಹೋಗಿ ಕೂಸು ಕೊಂಡ್ಕೊಂಡು ಬಂದಾಳ. ಪಾಪ, ನನ್ನ ಸಲುವಾಗಿ."

"ಇಲ್ರಿ, ಖರೇನ ನನಗ ಬಂದಿತ್ತು," ಎಂದಳು ನಳಿನಿ. "ದೇವರಾಣಿ ಬಂದಿತ್ತು."

"ಸಾಕು ತಂಗಿ." ಕೂಕಾ ಎದ್ದು ಬಂದು ಎರಡೂ ಕೈಯಲ್ಲಿ ಅವಳ ಕೆನ್ನೆ ಹಿಡಿದಳು. "ಖರೇನ ಬಂದಿದ್ರ ನೀ ಅವಾಗ ಹೇಳ್ತಿದ್ದಿ. ಎಲ್ಲಾರೂ ನನ್ನ ನೋಡಿ ನಗೂಮುಂದ ನೀ ಸುಮ್ಮ ಕೂಡ್ತಿದ್ದೇನು? ನೀ ಅಂಥಾಕಿ ಅಲ್ಲ. ಅದನ್ನರೆ ನಾ ಇನ್ನೂ ಮರತಿಲ್ಲ."

ಮಾರಿಸೋಲ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಳಿನಿ ಮತ್ತೊಮ್ಮೆ ಹೇಳಲು ಬಾಯಿ ತೆರೆದಳು. ಕೂಕಾ ಕಪಾಟಿನಿಂದ ಒಂದು ಅಗಲವಾದ ಬೋಗುಣಿ ಇಳಿಸಿ, ಇದನ್ನು ಹಿಡಿ, ಜೋಪಾನ, ಎಂದು ಅವಳ ಕೈಗೆ ಕೊಟ್ಟಳು. ಆಮೇಲೆ ಮಗಳ ಕಡೆ ತಿರುಗಿ, ಹ್ಯೂಸ್ಟನ್ನಿನಲ್ಲಿ ತನ್ನ ಮಂಚವನ್ನು ಯಾವ ಗೋಡೆಯ ಕಡೆಗೆ ಹಾಕುತ್ತೀ ಎಂದು ಕೇಳಿದಳು.